ಕಿತ್ತಳೆ ಬಣ್ಣದ ಗುಳಿಗೆ

ಪಾಲಿಶ್ ಒಣಗಿದೆಯೋ ಇಲ್ಲವೋ ಎಂಬುದನ್ನು ಆ ಪೀಠೋಪಕರಣದ ಕಾರ್ಖಾನೆಯಲ್ಲಿ ಮೂಗಿನಿಂದಲೇ ತಿಳಿಯುತ್ತಿದ್ದರು. ಬೆರಳಿಟ್ಟರೆ ಗುರುತು ಉಳಿಯುತ್ತದೆ. ಕಪಾಟಿನೊಳಗೆ ತಲೆ ಹಾಕಿ ಮೂಸಿದರೆ ಮರ ತಾನಾಗಿ ಹೇಳುತ್ತದೆ. ಅಲ್ಲಿ ದುಡಿಯುತ್ತಿದ್ದ ಇಬ್ಬರು ಅಕ್ಕತಂಗಿಯರಲ್ಲಿ ಮೊದಲು ಆ ಕೆಲಸ ಅಕ್ಕನದಾಗಿತ್ತು. ಈಗ ತಂಗಿಯದು. ಅವಳು ಬಾಯಿ ಬಿಡುವುದೇ ಅಪರೂಪವಾದ್ದರಿಂದ ಅಲ್ಲಿ ಎಲ್ಲರಿಗೂ ಅವಳು ‘ಮೌನಿ’. ಬಾಯಿ ಕೊಡದಿದ್ದರೂ ದೇವರು ಮೂಗು ಕೊಟ್ಟನಲ್ಲ ಎಂದು ಬಡಗಿ ನಗುತ್ತಿದ್ದ.

ಹಸಿ ಪಾಲಿಶ್ ಮೇಲೆ ಧೂಳು ಕೂರುತ್ತದೆಂದು ಅಲ್ಲಿ ಕಿಟಕಿ ತೆರೆಯುವಂತಿರಲಿಲ್ಲ. ಗಾಳಿ ಹೊರಗೆಳೆಯುವ ಫ್ಯಾನ್ ಕೆಟ್ಟಾಗ ಯಜಮಾನಿ ಅಮ್ಮಾವ್ರು ಅದನ್ನು ಬಿಚ್ಚಿಸಿ, ಆ ತೂತಿಗೆ ಹಲಗೆ ಹೊಡೆಸಿದರು. ಕಣ್ಣುರಿ, ತಲೆಸುತ್ತು ಎಂದು ಕೆಲಸದವರು ಗೊಣಗಿದ ಮೇಲೆ ಒಂದು ಡಬ್ಬಿ ತಂದರು. ಕಿತ್ತಳೆ ಬಣ್ಣದ ಗುಳಿಗೆಗಳು.

“ಆಂಟಿಆಕ್ಸಿಡೆಂಟ್ ಅಂತ ಇದು. ಒಳಗೆ ಎಂಥ ವಿಷ ಹೋದ್ರೂ ಕಾವಲು ಕಾಯುತ್ತೆ,” ಎಂದರು. ಅಂದಿನಿಂದ ಬೆಳಿಗ್ಗೆ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಕೈಗೂ ಒಂದೊಂದು ಹಾಕಿ, ನುಂಗಿದ್ದನ್ನು ನೋಡಿಯೇ ಒಳಗೆ ಬಿಡುತ್ತಿದ್ದರು.

ಅಕ್ಕ ತಪ್ಪದೆ ನುಂಗಿದಳು. ಆದರೂ ಮೊದಲು ಕೆಮ್ಮು ಬಂತು, ಆಮೇಲೆ ಏದುಸಿರು. ಕೊನೆಗೆ ಅವಳಿಗೇ ತಿಳಿಯದಂತೆ ಮೂಗು ಸತ್ತಿತು. ಇನ್ನೂ ಹಸಿಯಾಗಿದ್ದ ಮಂಚವನ್ನು ಒಣಗಿದೆ ಎಂದುಬಿಟ್ಟಳು. ಗಿರಾಕಿ ಅದನ್ನು ವಾಪಸ್ ಕಳಿಸಿದ. ಅಮ್ಮಾವ್ರು ಎಲ್ಲರ ಮುಂದೆ, “ಉಳಿದವರಿಗೆ ಏನೂ ಆಗಿಲ್ಲ. ನೀನು ಗುಳಿಗೆ ಉಗುಳಿರಬೇಕು,” ಎಂದು ಅವಳನ್ನು ಮನೆಗೆ ಕಳಿಸಿದರು.

ತಂಗಿಯ ಹೊಟ್ಟೆ ಉರಿದದ್ದು ಅದಕ್ಕಲ್ಲ. ಅಕ್ಕ ಆ ಮಾತನ್ನು ನಂಬಿಬಿಟ್ಟಿದ್ದಳು. ಅಂಗಡಿಯಿಂದ ಅದೇ ಗುಳಿಗೆ ತರಿಸಿ ನುಂಗುತ್ತಾ, ಜ್ವರ ಬಂದು ರಜೆ ಹಾಕಿದ ದಿನ ಗುಳಿಗೆ ತಪ್ಪಿಸಿದ್ದೆನಲ್ಲ, ಅದೇ ನನ್ನ ಶ್ವಾಸಕೋಶಕ್ಕೆ ಮುಳುವಾಯಿತು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಗುಳಿಗೆ ಸುಳ್ಳು ಎಂದು ಅದನ್ನು ಕೊಟ್ಟ ಬಾಯಿಯೇ ಹೇಳಬೇಕು, ಅಕ್ಕ ಅದನ್ನು ಕೇಳಬೇಕು. ತಂಗಿಗೆ ಬೇಕಾದದ್ದು ಅಷ್ಟೇ. ಆ ಹಟವನ್ನು ನುಂಗಿಕೊಂಡು ಅವಳು ಕೆಲಸಕ್ಕೆ ಹೋಗುತ್ತಿದ್ದಳು.

ಅವಳು ಇನ್ನೊಂದನ್ನೂ ಗಮನಿಸಿದ್ದಳು. ತಿಂಡಿ ಡಬ್ಬಿಯಲ್ಲಿ ಹಳಸಿದ ಅನ್ನವನ್ನು ಅಮ್ಮಾವ್ರು ಬಾಯಿಗೆ ಹಾಕಿಕೊಂಡ ಮೇಲಷ್ಟೇ ಉಗುಳುತ್ತಿದ್ದರು. ಪಾಲಿಶ್‌ಗೆ ಬೆರೆಸುವ ಘಾಟು ಥಿನ್ನರ್ ಚೆಲ್ಲಿದರೆ ಕಾಲು ಒದ್ದೆಯಾಗುವ ತನಕ ತಿಳಿಯುತ್ತಿರಲಿಲ್ಲ. ಆ ಮುಚ್ಚಿದ ಗೋಡೆಗಳ ನಡುವೆ ಅವರ ಮೂಗೂ ಹೋಗಿತ್ತು.

ಅಮ್ಮಾವ್ರು ಹೊಸ ಮನೆ ಕಟ್ಟಿಸಿ, ಮಲಗುವ ಕೋಣೆಗೆ ಗೋಡೆಯಗಲದ ಕಪಾಟು ಮಾಡಿಸಿದರು. ಮೌನಿಯನ್ನು ಕರೆಸಿ ಮೂಸಲು ಹೇಳಿದರು. ಅವಳು ತಲೆ ಒಳಗೆ ಹಾಕುವ ಮೊದಲೇ ಕಣ್ಣಲ್ಲಿ ನೀರು ಬಂತು. ಕಪಾಟು ಹಸಿಹಸಿ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಒಣಗಿದೆ ಅಮ್ಮಾವ್ರೇ,” ಎಂದಳು.

ಅವರು ಕಿಟಕಿ ಮುಚ್ಚಿ, ಏಸಿ ಹಾಕಿಕೊಂಡು ಮಲಗತೊಡಗಿದರು. ವಾರ ಕಳೆಯುವುದರೊಳಗೆ ಕಣ್ಣು ಕೆಂಪಾಗಿ ಕಾರ್ಖಾನೆಗೆ ಬಂದರು. ತಲೆ ಸಿಡಿಯುತ್ತಿದೆ, ಗಂಟಲು ಕೆರೆಯುತ್ತಿದೆ ಎಂದರು. ಮೌನಿ ಅವರ ಮೇಜಿನ ಮೇಲಿದ್ದ ಡಬ್ಬಿಯನ್ನು ಮುಂದೆ ಸರಿಸಿದಳು. “ಎರಡು ನುಂಗಿ ಅಮ್ಮಾವ್ರೇ. ಕಾವಲು ಕಾಯುತ್ತೆ.”

ಅವರು ನುಂಗಿದರು. ದಿನವೂ ನುಂಗಿದರು. ಕೆಮ್ಮು ಶುರುವಾಯಿತು. ಇನ್ನೊಮ್ಮೆ ಮೂಸಲು ಕರೆದಾಗ ಮೌನಿ, ಕಪಾಟು ಒಣಗಿದೆ, ಈ ಕೆಮ್ಮಿನ ಬಗ್ಗೆ ಇದನ್ನೇ ಅನುಭವಿಸಿದ ಅಕ್ಕನನ್ನು ಕೇಳಿ, ಅವಳು ಮನೆಯಲ್ಲಿದ್ದಾಳೆ ಎಂದಳು.

ಅಮ್ಮಾವ್ರು ಅಕ್ಕತಂಗಿಯರ ಮನೆಗೆ ಬಂದರು. ಮೆಟ್ಟಿಲು ಹತ್ತಿ, ಅಕ್ಕನ ಹಾಗೆಯೇ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದರು. ಅಕ್ಕ ತನ್ನ ಡಬ್ಬಿ ತೆಗೆದು, “ಮೊದಲು ಇದನ್ನ ತಗೊಳ್ಳಿ ಅಮ್ಮಾವ್ರೇ,” ಎಂದಳು.

“ಆಚೆ ಇಡು ಅದನ್ನ,” ಎಂದು ಅವರು ಸಿಡುಕಿದರು. “ಡಬ್ಬಿಗಟ್ಟಲೆ ನುಂಗಿದ್ದೀನಿ. ಡಾಕ್ಟರು ನಕ್ಕುಬಿಟ್ರು. ಮೈಗೆ ಒಂಚೂರು ಬಲ ಬಂದ್ರೂ ಬರಬಹುದು, ಆದ್ರೆ ಮನೆಗೆ ಬೆಂಕಿ ಹಚ್ಚಿ ಲೋಟ ನೀರು ಹಿಡ್ಕೊಂಡು ಕೂತ ಹಾಗಾಯ್ತು ಅಂದ್ರು. ಗಾಳಿನೇ ವಿಷ ಆದ್ಮೇಲೆ ಗುಳಿಗೆ ಏನು ಮಾಡುತ್ತೆ, ಕಿಟಕಿ ತೆಗೀರಿ ಅಂದ್ರು.”

ಅಕ್ಕನ ಕೈ ಅಲ್ಲೇ ನಿಂತಿತು. ಮೆಲ್ಲಗೆ, “ನಾನು ಒಂದನ್ನೂ ಉಗುಳಿರಲಿಲ್ಲ,” ಎಂದಳು.

ಗೋಡೆಗೊರಗಿ ನಿಂತಿದ್ದ ತಂಗಿ ಮುಂದೆ ಬಂದಳು.

“ನಿಮ್ಮ ಕಪಾಟು ಹಸಿ ಇತ್ತು. ಮೊದಲನೇ ದಿನವೇ ನನಗೆ ಗೊತ್ತಿತ್ತು.”

ಅವರ ಮುಖ ಕಪ್ಪಿಟ್ಟಿತು. ನಾಳೆಯಿಂದ ಕಾರ್ಖಾನೆಗೆ ಕಾಲಿಡಬೇಡ, ನಿನ್ನ ಮೇಲೆ ದೂರು ಕೊಡುತ್ತೇನೆ ಎಂದು ಎದ್ದರು.

“ಕೊಡಿ. ಏನಂತ ಕೊಡ್ತೀರಿ? ವಾಸನೆ ನಿಮಗೇ ಯಾಕೆ ತಿಳೀಲಿಲ್ಲ ಅಂತ ಕೇಳ್ತಾರೆ. ಹಲಗೆ ಹೊಡೆಸಿದ ತೂತನ್ನೂ ನೋಡ್ತಾರೆ.”

ಅಮ್ಮಾವ್ರು ಮೂಗು ಮುಟ್ಟಿಕೊಂಡರು, ಅದು ಇದೆಯೋ ಇಲ್ಲವೋ ಎಂದು ನೋಡುವವರ ಹಾಗೆ. ನಂತರ ಮೆಟ್ಟಿಲ ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಇಳಿದು ಹೋದರು. ತಂಗಿ ಆ ಕೆಮ್ಮನ್ನು ಬೀದಿ ದಾಟುವ ತನಕ ಕಿವಿಗೊಟ್ಟು ಕೇಳಿದಳು. ಕಿವಿ ತಂಪಾಯಿತು.

ಅಕ್ಕ ಗುಳಿಗೆ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದಳು.

“ಕಿಟಕಿ ತೆಗಿ,” ಎಂದಳು.