ನೀರಿನಲ್ಲಿ ಇಳಿದ ಗುಳಿಗೆ

ನಾನು ಒಂದು ಗುಳಿಗೆ. ಮೈ ಸೆಟೆದುಕೊಳ್ಳುವ ನಡುಕದ ಕಾಯಿಲೆಗೆಂದು ಕಾರ್ಖಾನೆಯೊಂದರಲ್ಲಿ ಪುಡಿಯನ್ನು ಒತ್ತಿ ನನ್ನನ್ನು ಮಾಡಿದರು. ಮಿದುಳಿಗೆ ಬೇಕಾದ ರಸ ನಾನಲ್ಲ, ಅದರ ಕಚ್ಚಾ ಸರಕು. ಸಿದ್ಧ ರಸಕ್ಕೆ ಮಿದುಳಿನ ಬಾಗಿಲು ತೆರೆಯುವುದೇ ಇಲ್ಲ. ನನಗೆ ತೆರೆಯುತ್ತದೆ, ಒಳಗೆ ಹೋದ ಮೇಲೆ ನಾನೇ ಆ ರಸವಾಗುತ್ತೇನೆ. ದಾರಿಯಲ್ಲೇ ಬದಲಾಗಿ ವಾಂತಿಗೀಂತಿ ತರಿಸದಿರಲೆಂದು ಇನ್ನೊಂದು ಮದ್ದನ್ನೂ ಕಾವಲುಗಾರನಾಗಿ ನನ್ನೊಳಗೆ ಬೆರೆಸಿದರು. ಇಷ್ಟೆಲ್ಲ ಏರ್ಪಾಡು ಮಾಡಿ, ಕೊನೆಗೆ ತಗಡಿನ ಹಾಳೆಯಲ್ಲಿ ಉಸಿರಾಡದ ಹಾಗೆ ಮುಚ್ಚಿಟ್ಟರು.

ಅಂಗಡಿಯಿಂದ ಬಂದಿದ್ದು ಗದಗಿನ ಒಂದು ಮನೆಗೆ, ಕಸ್ತೂರೆವ್ವನ ತಲೆದಿಂಬಿನ ಪಕ್ಕಕ್ಕೆ. ತಮ್ಮನ ಮನೆಯಲ್ಲಿದ್ದ ಆಕೆಗೆ ಸಣ್ಣ ವಯಸ್ಸಿಗೇ ಕೈಕಾಲು ಬಿಗಿದಿದ್ದವು, ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ನಾನು ತಗಡಿನೊಳಗೆ, ಆಕೆ ತನ್ನ ಮೈಯೊಳಗೆ. ಇಬ್ಬರೂ ಸೆರೆಯಾಳುಗಳೇ.

ತಮ್ಮನಿಗೆ ಹೆಣ್ಣುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಕಸ್ತೂರೆವ್ವ.

"ಆಕಿಗೆ ಮಾತ ಬರಂಗಿಲ್ಲ, ಬ್ಯಾರೆ ಯಾರನ್ನಾರ ಕೂಡ್ರಸ್ರಿ" ಎಂದು ಬಂಧುಗಳು ಗೊಣಗಿದರು. ಬಾಣಂತಿ ದಾನಮ್ಮ ಜಗ್ಗಲಿಲ್ಲ. "ಹೇಳಿದ್ರ ನಮ್ಮ ಅಕ್ಕಾರ ಹೇಳಬೇಕು."

ಅದೇ ಹಟದಲ್ಲಿ ಗುಳಿಗೆಯ ಹೊತ್ತಿಗೆಲ್ಲ ತನ್ನ ಪಾಲಿನ ಹಾಲನ್ನೇ ತಂದು ಕೊಡುತ್ತಿದ್ದಳು. "ಖಾಲಿ ಹೊಟ್ಟ್ಯಾಗ ಗುಳಿಗಿ ಉರಿತೈತ್ರಿ ಅಕ್ಕಾರ, ಹಾಲ ಕುಡೀರಿ." ಒಳ್ಳೆಯ ಹೆಂಗಸು, ಏನು ಮಾಡೋಣ? ಹಾಲಿನ ಸಾರವೂ ಮಿದುಳಿಗೆ ಹೋಗುವುದು ನಮ್ಮ ಬಾಗಿಲಿನಿಂದಲೇ. ಆ ನೂಕುನುಗ್ಗಲಿನಲ್ಲಿ ಅದೇ ಹಾಳೆಯಿಂದ ಮೊದಲು ಹೋದ ನನ್ನ ಅಣ್ಣಂದಿರೆಲ್ಲ ಹೊರಗೇ ಉಳಿದು ವ್ಯರ್ಥವಾದರು. ಕಸ್ತೂರೆವ್ವ ಗೊಂಬೆಯ ಹಾಗೆ ಕೂತೇ ಇದ್ದಳು. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ.

ತೊಟ್ಟಿಲ ದಿನ ನನ್ನ ಸರದಿ ಬಂತು. ಬಂದವರ ಚಹಾಕ್ಕೇ ಮನೆಯ ಹಾಲೆಲ್ಲ ಮುಗಿದಿತ್ತು. ತಮ್ಮ ಗಡಿಬಿಡಿಯಲ್ಲಿ ಬರೀ ನೀರು ಕೊಟ್ಟು ನನ್ನನ್ನು ನುಂಗಿಸಿದ. ಬಾಗಿಲ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ! ಸೀದಾ ಒಳಗೆ ಹೋದೆ.

ಕಸ್ತೂರೆವ್ವನ ಬೆರಳುಗಳು ಸಡಿಲವಾದವು. ತಾನೇ ನಡೆದು ಹೋಗಿ, ತೊಟ್ಟಿಲಿಗೆ ಬಾಗಿ, "ಮಂದಾರಾ" ಎಂದಳು. ಪಡಸಾಲೆಗೆಲ್ಲ ಕೇಳಿಸಿತು. ಹೆಂಗಸರು ಪದ್ಧತಿಯಂತೆ ಆಕೆಯ ಬೆನ್ನಿಗೆ ಗುದ್ದಿ ನಕ್ಕರು, ಆಕೆಯೂ ನಕ್ಕಳು. ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಈಗ ನಾನು ಮುಗಿಯುತ್ತಿದ್ದೇನೆ. ಆಕೆಯ ಬೆರಳುಗಳು ಮತ್ತೆ ಬಿಗಿಯುತ್ತಿವೆ, ಸಂಜೆಯ ಗುಳಿಗೆಗೆ ಹೊತ್ತಾಯಿತು. ಬೆಳಗಿನ ನೀರಿನ ಸಂಗತಿ ತಿಳಿಯದ ದಾನಮ್ಮ ಕಣ್ಣೊರೆಸಿಕೊಳ್ಳುತ್ತ, ಆಗತಾನೇ ಬಂದ ಹಾಲಿನ ಲೋಟ ಹಿಡಿದು ಬಂದಳು.

"ನೋಡ್ರಿ ಅಕ್ಕಾರ, ಇಷ್ಟ ದಿನ ಕುಡಿಸಿದ ಹಾಲು ಇವತ್ತ ಮೈಗೆ ಹತ್ತೇತಿ. ಇನ್ನಮ್ಯಾಲೆ ಎರಡೆರಡ ಲೋಟ ಕೊಡತೀನಿ."

ಕಸ್ತೂರೆವ್ವ ಪ್ರೀತಿಯಿಂದ ಬಾಯಿ ತೆರೆದಳು.