ನಾನು ನುಂಗಿದ ಕಪ್ಪೆಗಳ ಕೂಗು

ನಾನು ಒಂದು ಶ್ರವಣಯಂತ್ರ. ಯಂತ್ರ ಎಂದ ಕೂಡಲೇ ದೊಡ್ಡದೇನೋ ಎಂದುಕೊಳ್ಳಬೇಡಿ. ಆಕಾರ, ಗಾತ್ರ ಎರಡರಲ್ಲೂ ನಾನು ಒಂದು ಗೋಡಂಬಿಯಷ್ಟೇ. ಕಿವಿಯ ಹಿಂದೆ ಕೂರುತ್ತೇನೆ. ನನ್ನಿಂದ ಹೊರಟ ಒಂದು ಸಣ್ಣ ಕೊಳವೆ ಕಿವಿಯೊಳಕ್ಕೆ ಇಳಿಯುತ್ತದೆ. ಅರಸೀಕೆರೆಯಲ್ಲಿ ಎಲ್ಲರೂ ನನ್ನನ್ನು ಕರೆದದ್ದು ‘ಕಿವಿ ಮಿಷನ್ನು’ ಎಂದೇ. ನನಗೂ ಆ ಹೆಸರೇ ಒಗ್ಗಿಹೋಗಿದೆ.

ಹುಟ್ಟಿದ್ದು ಕಡಲಾಚೆಯ ಯಾವುದೋ ಚಳಿ ಊರಿನಲ್ಲಿ. ಧೂಳು ಸುಳಿಯದ ಕೋಣೆ, ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು. ಅವರು ಭೂತಗನ್ನಡಿಯ ಕೆಳಗೆ ನನ್ನ ಹೊಟ್ಟೆಯೊಳಗಿನ ತಂತಿಗಳನ್ನು ಜೋಡಿಸಿದರು. ಆಮೇಲೆ ಪಾಠ. ಪಾಠವೆಂದರೆ ಇಷ್ಟೇ: ಏರುತ್ತ, ಇಳಿಯುತ್ತ, ನಡುನಡುವೆ ನಿಲ್ಲುತ್ತ ಬರುವುದು ಮಾತು, ಅದನ್ನು ಎತ್ತಿ ಕಿವಿಗೆ ದಾಟಿಸು, ಒಂದೇ ಸಮನೆ ಮೊರೆಯುವುದು ಗದ್ದಲ, ಅದನ್ನು ಅಮುಕಿಬಿಡು. ಫ್ಯಾನು, ಮಿಕ್ಸಿ, ಬಸ್ಸಿನ ಇಂಜಿನ್ನು, ಸುರಿವ ಮಳೆ, ಎಲ್ಲವೂ ಗದ್ದಲ. ನಾನು ಬಲು ಚುರುಕು, ಒಂದೇ ಸಲಕ್ಕೆ ಕಲಿತುಬಿಟ್ಟೆ. ಅಯ್ಯೋ, ಅಷ್ಟು ಚೆನ್ನಾಗಿ ಕಲಿಯಬಾರದಿತ್ತು.

ಹಾಸನದ ಒಂದು ಕಿವಿ ಕ್ಲಿನಿಕ್ಕಿನ ಗಾಜಿನ ಬೀರುವಿನಲ್ಲಿ ಆರು ತಿಂಗಳು ಮಲಗಿದ್ದೆ. ಒಂದು ದಿನ ಚನ್ನಿಗಪ್ಪನವರು ಬಂದರು, ಹೆಂಡತಿ ಇಂದ್ರಮ್ಮನ ಭುಜದ ಮೇಲೆ ಕೈಯಿಟ್ಟುಕೊಂಡು. ಅರವತ್ತೆಂಟರ ಪ್ರಾಯ. ಎರಡೂ ಕಣ್ಣಿಲ್ಲ, ಮಗುವಾಗಿದ್ದಾಗಲೇ ಸಿಡುಬು ತಿಂದುಹಾಕಿತ್ತು. ಸರ್ಕಾರಿ ಕಚೇರಿಗಳ ಬೆತ್ತದ ಕುರ್ಚಿ ಹೆಣೆದು ಬಾಳಿದವರು. ಇಂದ್ರಮ್ಮ ಬೆತ್ತ ನೆನೆಸಿ ಸೀಳಿ ಕೊಡುತ್ತಿದ್ದರು, ಇವರು ಬೆರಳಲ್ಲೇ ನೋಡಿ ಹೆಣೆಯುತ್ತಿದ್ದರು. ಮಕ್ಕಳಿರಲಿಲ್ಲ. ಈಗ ಎರಡು ವರ್ಷದಿಂದ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಯಲ್ಲಿ ಚೂರುಪಾರು ಉಳಿದಿತ್ತು.

ಕ್ಲಿನಿಕ್ಕಿನ ಹುಡುಗಿ ಅವರ ಕಿವಿಗೆ ಹಿಟ್ಟಿನಂಥದ್ದೇನೋ ತುಂಬಿ ಅಚ್ಚು ತೆಗೆದಳು. ನನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿಕೊಂಡು, “ತಾತ, ಮಾತು ಚೆನ್ನಾಗಿ ಕೇಳ್ಬೇಕು, ಗಲಾಟೆ ಕೇಳ್ಬಾರ್ದು, ಅಲ್ವಾ?” ಎಂದು ಕೂಗಿ ಕೇಳಿದಳು. ತಾತ ಹೂಂಗುಟ್ಟಿದರು. ಯಾರು ತಾನೇ ಬೇಡವೆನ್ನುತ್ತಾರೆ? ಗದ್ದಲ ಅಮುಕುವ ನನ್ನ ಶಕ್ತಿಯನ್ನು ಅವಳು ತುತ್ತತುದಿಗೆ ಏರಿಸಿಟ್ಟಳು. ಹೊರಡುವಾಗ ಇಂದ್ರಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: “ಅಜ್ಜಿ, ಉಳಿದಿರೋದೂ ಒಂದಿನ ಹೋಗ್ಬಹುದು. ಆಗ ಮಿಷನ್ನೂ ಏನೂ ಮಾಡಕ್ಕಾಗಲ್ಲ. ತಾತಂಗೆ ಹೇಳ್ಬೇಡಿ, ಹೆದರ್ಕೋತಾರೆ.”

ಅವರ ಮನೆ ಊರಂಚಿನಲ್ಲಿತ್ತು. ಹಿತ್ತಲ ಬಾಗಿಲು ತೆಗೆದರೆ ಒಂದು ಹೊಂಗೆಮರ, ಅದರಾಚೆ ಎಮ್ಮೆಕಟ್ಟೆ. ಎಮ್ಮೆಗಳ ಮೈ ತೊಳೆಯುವ ಪುಟ್ಟ ಕೆರೆ ಅಷ್ಟೆ. ಬೇಸಿಗೆಗೆ ಬಿರುಕು ಬಿಡುತ್ತದೆ. ನಾನು ಆ ಮನೆ ಸೇರಿದ್ದು ಯುಗಾದಿಯ ಮಾರನೆಯ ದಿನ. ಮರುಬೆಳಗ್ಗೆ ಇಂದ್ರಮ್ಮ ನನ್ನನ್ನು ಗಂಡನ ಕಿವಿಗೆ ಸಿಕ್ಕಿಸಿ ಹಿತ್ತಲಲ್ಲಿ ಕೂರಿಸಿದರು. ಹೊಂಗೆಯ ತುದಿಯಲ್ಲಿ ಒಂದು ಮಡಿವಾಳ ಹಕ್ಕಿ ಸಿಳ್ಳು ಹಾಕಿತು. ಏರಿಳಿತವಿದೆ, ನಿಲುಗಡೆಯಿದೆ, ಮಾತೇ ಇರಬೇಕೆಂದು ನಾನು ಎತ್ತಿ ಕಿವಿಗೆ ಕೊಟ್ಟೆ.

ನಾನು ಕೂತ ಜಾಗದಿಂದ ಅವರ ಮುಖ ಕಾಣುವುದಿಲ್ಲ. ಆದರೆ ದವಡೆಯ ಅದುರು, ಕಪಾಲದ ನರದ ಬಡಿತ ನನಗೆ ನೇರ ತಲುಪುತ್ತವೆ. ಆವತ್ತು ಎರಡೂ ಒಟ್ಟಿಗೆ ಬಂದವು.

“ಇಂದ್ರಾ, ಬಾರೇ ಇಲ್ಲಿ! ಮಡಿವಾಳ ಕಣೇ! ತುದಿ ಕೊಂಬೆ ಮೇಲೆ ಕೂತವ್ನೆ, ಹೌದಾ ಅಲ್ವಾ?”

“ಹೌದು ಕಣ್ರೀ, ತುದೀಲೇ. ಬಾಲ ಎತ್ಕೊಂಡು ಏನ್ ಜಂಬ ಅಂತೀರಾ!”

ಆ ವಾರವೆಲ್ಲ ಆ ಮನೆಯಲ್ಲಿ ಯುಗಾದಿಯೇ. ಇವರು ಕೇಳಿ ಹೆಸರು ಹೇಳುವುದು, ಆಕೆ ನೋಡಿ ಹೌದೋ ಅಲ್ಲವೋ ಹೇಳುವುದು. ಪಿಕಳಾರ, ಸೂರಕ್ಕಿ, ಕೋಗಿಲೆ. ಒಮ್ಮೆ ಪಿಕಳಾರವನ್ನು ಟುವ್ವಿ ಎಂದುಬಿಟ್ಟರು. “ಕಿವಿ ಬಂತು, ಬುದ್ಧಿ ಬರ್ಲಿಲ್ಲ” ಎಂದು ಇಂದ್ರಮ್ಮ ನಕ್ಕದ್ದೇ ನಕ್ಕದ್ದು. ನನಗೂ ಹೆಮ್ಮೆಯೋ ಹೆಮ್ಮೆ.

ಆದರೆ ಚನ್ನಿಗಪ್ಪನವರು ಕಾಯುತ್ತಿದ್ದದ್ದು ಹಕ್ಕಿಗಲ್ಲ, ಕಪ್ಪೆಗೆ. ಕಣ್ಣಿದ್ದವರಿಗೆ ವಸಂತವೆಂದರೆ ಮಾವಿನ ಕೆಂಪು ಚಿಗುರು, ಹೊಂಗೆಯ ಹೂವು. ಅವರಿಗೆ ವಸಂತವೆಂದರೆ ಮೊದಲ ಮಳೆ ಬಿದ್ದ ಸಂಜೆ ಎಮ್ಮೆಕಟ್ಟೆಯಲ್ಲಿ ಏಳುವ ಕೂಗು. ಬರೀ ಸಣ್ಣ ಕಪ್ಪೆ ಕೂಗಿದರೆ ಪಾದ ಮುಳುಗುವಷ್ಟು ನೀರು, ಅಂಗೈ ಗಾತ್ರದ ಗೋಂಕರು ಕಪ್ಪೆಯೂ ದನಿ ತೆಗೆದರೆ ಮೊಣಕಾಲುದ್ದ ನೀರು ಎಂದು ಏರಿಯ ಮೇಲೆ ನಿಂತೇ ಅಳೆಯುತ್ತಿದ್ದರಂತೆ. ಅಳತೆ ಸರಿಯೋ ತಪ್ಪೋ ಎಂದು ಇಂದ್ರಮ್ಮ ಸೀರೆ ಎತ್ತಿಕಟ್ಟಿ ನೀರಿಗಿಳಿದು ನೋಡುತ್ತಿದ್ದರಂತೆ. ಮದುವೆಯಾದ ವರ್ಷದಿಂದ ನಡೆದುಬಂದ ಆಟ. ಕಿವಿ ಹೋದ ಎರಡು ವರ್ಷ ನಿಂತುಹೋಗಿತ್ತು. “ಈ ವರ್ಷ ಅಳೀತೀನಿ ನೋಡ್ತಿರು” ಎಂದು ದಿನಕ್ಕೆ ಹತ್ತು ಸಲ ಹೇಳಿದರು.

ಅಶ್ವಿನಿ ಮಳೆ ಒಂದು ಮಧ್ಯಾಹ್ನ ಸುರಿದು ನಿಂತಿತು. ಸಂಜೆ ಇಬ್ಬರೂ ಕಟ್ಟೆಯ ಏರಿಗೆ ಹೋದರು. ಅಬ್ಬಬ್ಬಾ, ಅದೇನು ಕೂಗು! ನೂರಾರು ಕಪ್ಪೆ, ಒಂದರ ಮೇಲೊಂದು ಬಿದ್ದಂತೆ, ಉಸಿರು ಬಿಡದೆ. ನನ್ನ ಮೈಕಿಗೆ ಎಲ್ಲವೂ ಬಿತ್ತು. ಒಂದೇ ಸಮನೆ ಮೊರೆಯುತ್ತಿದೆ, ಗದ್ದಲ. ಒಂದನ್ನೂ ಬಿಡದೆ ಅಮುಕಿದೆ. ಇಷ್ಟು ದೊಡ್ಡ ಗದ್ದಲವನ್ನು ಇಷ್ಟು ಚೊಕ್ಕಟವಾಗಿ ನುಂಗಿದೆನಲ್ಲ ಎಂದು ಬೀಗಿದೆ ಕೂಡ. ಥೂ, ನನ್ನ ಜನ್ಮಕ್ಕಿಷ್ಟು.

ಚನ್ನಿಗಪ್ಪನವರು ಬಹಳ ಹೊತ್ತು ಕತ್ತು ಚಾಚಿ ನಿಂತಿದ್ದರು. ಆಮೇಲೆ ಕೇಳಿದರು: “ಇನ್ನೂ ಶುರು ಮಾಡಿಲ್ವೇನೇ?”

ಇಂದ್ರಮ್ಮ ಗಂಡನ ಮುಖವನ್ನೇ ನೋಡುತ್ತ ನಿಂತುಬಿಟ್ಟರು. ಆ ಹುಡುಗಿ ಹೇಳಿದ ದಿನ ಇಷ್ಟು ಬೇಗ ಬಂತೇ ಎಂದುಕೊಂಡರೋ ಏನೋ. ಕಣ್ಣಿಲ್ಲದ ಮನುಷ್ಯನಿಗೆ ನಿನ್ನ ಕಿವಿಯೂ ಹೋಗುತ್ತಿದೆ ಎಂದು ಯಾವ ಬಾಯಿಂದ ಹೇಳಿಯಾರು? ಕಪ್ಪೆಗಳ ಕೂಗನ್ನು ಮೀರಿ, ಗಂಟಲು ಎತ್ತರಿಸಿ ಹೇಳಿದರು:

“ಇಲ್ಲ ಕಣ್ರೀ. ಈ ಸಲ ಕಪ್ಪೆ ಬಂದಿಲ್ಲ.”

“ಒಂದೂ?”

“ಒಂದೂ ಇಲ್ಲ.”

ಅದು ಮಾತಲ್ಲವೇ, ಅದನ್ನು ಚೆನ್ನಾಗಿ ದಾಟಿಸಿದೆ. ‘ಕೂಗ್ತಾ ಇವೆ, ನಿಮಗೆ ಕೇಳ್ತಿಲ್ವಾ?’ ಎಂದಿದ್ದರೆ ಸಾಕಿತ್ತು. ಮಾರನೆಯ ದಿನವೇ ಅವರು ಹಾಸನದ ಬಸ್ಸು ಹತ್ತುತ್ತಿದ್ದರು, ಹುಡುಗಿ ಕಂಪ್ಯೂಟರಿನಲ್ಲಿ ಒಂದು ಗೆರೆ ಕೆಳಗಿಳಿಸುತ್ತಿದ್ದಳು, ಮುಗಿಯುತ್ತಿತ್ತು. ತಪ್ಪು ಕಿವಿಯದಲ್ಲ, ನನ್ನದು ಎಂದು ನನಗೆ ಅರ್ಥವಾದದ್ದು ಆಗಲೇ. ಹೇಳಲು ಬಾಯಿಲ್ಲ. ನನಗೆ ಬರುವುದು ಕುಂಯ್ ಎಂದು ಸಿಳ್ಳು ಹಾಕುವುದೊಂದೇ, ಅದನ್ನೇ ಹಾಕಿದೆ. “ಇದೊಂದು ಪಿಟೀಲು” ಎಂದು ಚನ್ನಿಗಪ್ಪನವರು ನನ್ನನ್ನು ಒತ್ತಿ ಸುಮ್ಮನಾಗಿಸಿದರು.

ಅವರು ಅಷ್ಟಕ್ಕೆ ಬಿಡುವವರಲ್ಲ. ಎಮ್ಮೆ ತೊಳೆಯಲು ಬಂದ ಈರಭದ್ರನನ್ನು ಹಿತ್ತಲಲ್ಲಿ ತಡೆದು ಕೇಳಿದರು: “ಏನಪ್ಪ, ಕಟ್ಟೇಲಿ ಕಪ್ಪೆ ಒಂದೂ ಇಲ್ವಂತೆ?”

“ಯಾರಂದೋರು? ಕಿವಿ ಕಿತ್ತೋಯ್ತವೆ ನನ್ನಪ್ಪ...” ಎನ್ನುವಷ್ಟರಲ್ಲಿ ಇಂದ್ರಮ್ಮ ಎರಡೂ ಕೈ ಮುಗಿದದ್ದು ಅವನಿಗೆ ಕಂಡಿರಬೇಕು. “ಅಂದ್ರೆ, ಮೊದ್ಲು ಕಿತ್ತೋಯ್ತಿದ್ವು ಅಂದೆ. ಈಗೆಲ್ಲೈತೆ ಬುಡಿ” ಎಂದು ಎಮ್ಮೆಯನ್ನು ಸುಮ್ಮನೆ ಬೈಯುತ್ತ ಹೊರಟುಹೋದ.

ಅಲ್ಲಿಗೆ ಚನ್ನಿಗಪ್ಪನವರು ನಂಬಿದರು. ನೀರಿಗೆ ಯಾರೋ ವಿಷ ಬಿಟ್ಟಿದ್ದಾರೆ, ಕಟ್ಟೆ ಸತ್ತುಹೋಯಿತು ಎಂದು ಮನಸ್ಸಿಗೆ ಹಚ್ಚಿಕೊಂಡರು. ಏರಿಯ ಕಡೆ ಹೋಗುವುದನ್ನೇ ಬಿಟ್ಟರು. ಬೆಳಗ್ಗೆ ಮಡಿವಾಳ ಹಾಡಿದರೂ ಇಂದ್ರಮ್ಮನನ್ನು ಕರೆಯುತ್ತಿರಲಿಲ್ಲ. ಇಂದ್ರಮ್ಮನೇ ಬಂದು, “ಯಾವ ಹಕ್ಕೀರಿ ಅದು?” ಎಂದು ಕೇಳಿದರೆ, “ಯಾವ್ದೋ ಒಂದು” ಎನ್ನುತ್ತಿದ್ದರು. ಆಕೆ ಒಳಗೆ ಹೋಗಿ ಪಾತ್ರೆ ಬೆಳಗುತ್ತಿದ್ದರು. ಬೆಳಗಿದ್ದನ್ನೇ ಮತ್ತೆ ಬೆಳಗುತ್ತಿದ್ದರು.

ಮರುವರ್ಷದ ವಸಂತಕ್ಕೆ ಚನ್ನಿಗಪ್ಪನವರು ಎದೆನೋವು ಶುರುವಾಗಿ ಹಾಸಿಗೆ ಹಿಡಿದಿದ್ದರು. ಭರಣಿ ಮಳೆ ಬಂದ ಸಂಜೆ ಹಿತ್ತಲ ಬಾಗಿಲಾಚೆ ಕಪ್ಪೆಗಳು ಅರಚುತ್ತಿದ್ದವು. ಮಣ್ಣಿನ ವಾಸನೆ ಹಿಡಿದು ಚನ್ನಿಗಪ್ಪನವರು ಕೇಳಿದರು: “ಮಳೆ ಬಂತೇನೇ?”

“ಬಂತು ಕಣ್ರೀ.”

“ಕಪ್ಪೆ?”

ಇಂದ್ರಮ್ಮ ಬಾಯಿ ತೆರೆದರು; ಉಸಿರು ಎಳೆದುಕೊಂಡದ್ದು ನನ್ನ ಮೈಕಿಗೆ ಬಿತ್ತು. ಈಗಲಾದರೂ ಹೇಳುತ್ತಾರೆ ಎಂದು ನಾನು ಕಾದೆ. “ಇಲ್ಲ” ಎಂದರು.

“ನಂಜೊತೇಲೇ ಹೋಗ್ತಾ ಅದೆ ಕಣೇ ಕಟ್ಟೆ” ಎಂದರು ಚನ್ನಿಗಪ್ಪನವರು. ನಾಲ್ಕು ದಿನಕ್ಕೆ ಹೋದರು.

ಆಮೇಲೆ ಮೂರು ವರ್ಷ ನಾನು ಸ್ಟೀಲಿನ ಡಬ್ಬಿಯಲ್ಲಿ, ತೇವ ತಗಲದಿರಲೆಂದು ಹಾಕಿದ ಒಂದು ಹಿಡಿ ಅಕ್ಕಿಯ ನಡುವೆ ಬಿದ್ದಿದ್ದೆ. ಅಷ್ಟರಲ್ಲಿ ಇಂದ್ರಮ್ಮನಿಗೇ ಕಿವಿ ಮಂದವಾಯಿತು. ಹಾಲಿನವನು ಬಾಗಿಲು ಬಡಿದು ಬಡಿದು ವಾಪಸು ಹೋಗತೊಡಗಿದ ಮೇಲೆ ನನ್ನನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹಾಸನಕ್ಕೆ ಹೋದರು. ಆ ಹುಡುಗಿ ಈಗಿರಲಿಲ್ಲ. ಹೊಸಬನೊಬ್ಬ ಇಂದ್ರಮ್ಮನ ಕಿವಿಗೆ ಹೊಸ ಅಚ್ಚು ಮಾಡಿ, ನನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ.

“ಅಮ್ಮ, ಯಜಮಾನ್ರಿಗೆ ಗಲಾಟೆ ತಡೆಯೋದನ್ನ ತೀರಾ ಜಾಸ್ತಿ ಮಾಡಿಟ್ಟಿದ್ರು ನೋಡಿ. ಮಳೆ ಸದ್ದು, ಕಪ್ಪೆ ಕೂಗೋದು, ಇಂಥವು ಒಂದೂ ಒಳಗೆ ಹೋಗಲ್ಲ. ಕಿವಿ ಸರಿಯಿದ್ರೂ ಕೇಳಲ್ಲ. ಅವರು ಯಾವತ್ತೂ ಕಂಪ್ಲೇಂಟ್ ಮಾಡ್ಲಿಲ್ವಾ?”

ಇಂದ್ರಮ್ಮ ಕುರ್ಚಿಯ ಕೈ ಹಿಡಿದುಕೊಂಡರು. “ನನ್ನನ್ನ ಕೇಳಿದ್ರಪ್ಪ” ಎಂದರು.

ಅವನು ಆ ಗೆರೆಯನ್ನು ಕೆಳಗಿಳಿಸಿ ಕಳಿಸಿದ. ಚೈತ್ರ ಕಳೆಯುತ್ತಿತ್ತು, ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಬಸ್ಸಿಳಿದು ಮನೆ ಸೇರಿ ಇಂದ್ರಮ್ಮ ಹಿತ್ತಲ ಬಾಗಿಲು ತೆಗೆದರು. ನಾನು ಮೊಟ್ಟಮೊದಲ ಬಾರಿಗೆ ಎಮ್ಮೆಕಟ್ಟೆಯ ಕಪ್ಪೆಗಳನ್ನು ಇದ್ದಹಾಗೇ ಕಿವಿಗೆ ಬಿಟ್ಟೆ. ಸಣ್ಣವು, ದೊಡ್ಡವು, ನಡುವೆ ಗೋಂಕರುಗಳ ದಪ್ಪ ದನಿ. ಇಂದ್ರಮ್ಮ ಬಾಗಿಲಲ್ಲೇ ಕುಸಿದು ಕೂತರು. “ಅಯ್ಯೋ ನನ್ ಬಾಯಿಗೆ ಮಣ್ಣಾಕ” ಎಂದು ಎರಡೂ ಕೈಯಿಂದ ಬಾಯಿ ಬಡಿದುಕೊಂಡರು. ನನ್ನನ್ನು ಕಿತ್ತು ಮಡಿಲಲ್ಲಿಟ್ಟುಕೊಂಡು ಅತ್ತರು. ತಪ್ಪಿನಲ್ಲಿ ನನ್ನ ಪಾಲೂ ಇತ್ತು, ಆದರೆ ಹಂಚಿಕೊಳ್ಳುತ್ತೇನೆಂದು ಹೇಳುವುದು ಹೇಗೆ?

ಮಾರನೆಯ ದಿನ ಮತ್ತೆ ಹಾಸನ. “ಯಜಮಾನ್ರಿಗೆ ಹೆಂಗಿತ್ತೋ ಹಂಗೇ ಮಾಡ್ಕೊಡಪ್ಪ” ಎಂದರು. ಅವನಿಗೆ ನಗು. “ಯಾಕಮ್ಮ, ಕಪ್ಪೆ ಕಾಟಾನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೆರೆಯನ್ನು ಮೊದಲಿನ ತುದಿಗೇ ಏರಿಸಿದ.

ಅಂದು ಸಂಜೆ ಇಂದ್ರಮ್ಮ ಇನ್ನೊಂದು ಕಿವಿಗೆ ಹತ್ತಿ ತುರುಕಿಕೊಂಡು ಏರಿಯ ಮೇಲೆ ಹೋಗಿ ನಿಂತರು. ಕಟ್ಟೆಯ ತುಂಬ ಕಪ್ಪೆ. ಗಂಡು ಗೋಂಕರುಗಳು ಅರಿಸಿನ ಬಳಿದಂತೆ ಹಳದಿಯಾಗಿದ್ದವು; ಕತ್ತಿನ ಎರಡೂ ಕಡೆ ನೀಲಿ ಚೀಲ ಉಬ್ಬುವುದು, ಇಳಿಯುವುದು. ಎಲ್ಲವೂ ಕೂಗುತ್ತಿದ್ದವು. ನಾನು ಒಂದನ್ನೂ ದಾಟಿಸಲಿಲ್ಲ.

“ಇಷ್ಟು ಸುಮ್ನಿತ್ತಾ ರೀ ನಿಮ್ಗೆ?” ಎಂದರು ಇಂದ್ರಮ್ಮ.

ಈಗ ನನಗೆ ವಯಸ್ಸಾಗಿದೆ. ಕೊಳವೆ ಹಳದಿಗಟ್ಟಿದೆ, ಸೆಲ್ಲು ಹಾಕಿದರೆ ಎರಡೇ ದಿನಕ್ಕೆ ಸುಸ್ತು. ವರ್ಷವೆಲ್ಲ ಅಕ್ಕಿಯ ಡಬ್ಬಿಯಲ್ಲಿರುತ್ತೇನೆ. ಇಂದ್ರಮ್ಮ ಹಾಲಿನವನಿಗೆ ಕಿಟಕಿಯಲ್ಲೇ ಪಾತ್ರೆ ಇಟ್ಟು ಹೇಗೋ ನಡೆಸುತ್ತಾರೆ. ಏರಿಳಿಯುವುದು ಮಾತು, ಮೊರೆಯುವುದು ಗದ್ದಲ ಎಂದು ನನಗೆ ಕಲಿಸಿದವರು ಒಮ್ಮೆ ಇಲ್ಲಿಗೆ ಬಂದು ನಿಂತಿದ್ದರೆ ಎಂದು ಎಷ್ಟೋ ಸಲ ಅನ್ನಿಸುತ್ತದೆ. ಪ್ರತಿ ವರ್ಷ ಮೊದಲ ಮಳೆಯ ಸಂಜೆ ಆಕೆ ನನ್ನನ್ನು ಒರೆಸಿ, ಕಿವಿಗೆ ಸಿಕ್ಕಿಸಿಕೊಂಡು, ಇನ್ನೊಂದಕ್ಕೆ ಹತ್ತಿ ಇಟ್ಟುಕೊಂಡು ಏರಿಗೆ ಹೋಗುತ್ತಾರೆ. ಸೀರೆ ಎತ್ತಿಕಟ್ಟಿ ನೀರಿಗಿಳಿಯುತ್ತಾರೆ.

“ಮೊಣಕಾಲುದ್ದ ಅದೆ ಕಣ್ರೀ,” ಎನ್ನುತ್ತಾರೆ. “ಕಪ್ಪೆ ಬಂದವೆ. ಆ ವರ್ಷಾನೂ ಬಂದಿದ್ವು.”