ಎತ್ತಿ ಕುಡಿದ ನೀರು

ಅಪ್ಪ ಊಟಕ್ಕೆ ಕೂತು ಚೊಂಬಿಗೆ ಕೈಹಾಕಿದರೆ ಸಾಕು, ನಾನು ಏನಾದರೂ ನೆಪ ಮಾಡಿ ಹಿತ್ತಲಿಗೆ ಹೋಗಿಬಿಡುತ್ತೇನೆ. ಆ ಕೆಮ್ಮು ಕೇಳಿಸಬಾರದು, ಅಷ್ಟೇ. ಡೈರಿ ಬಿಟ್ಟರೆ ಇದನ್ನು ಯಾರ ಹತ್ತಿರವೂ ಹೇಳಿಲ್ಲ. ನನ್ನ ಬಾಯೇ ಅಂಥದ್ದು. ಬಸ್ಸಿನಲ್ಲಿ ಕಂಡಕ್ಟರಿಗೆ ನಿಲ್ಲಿಸಿ ಅನ್ನಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವವಳು ನಾನು.

ಸ್ಟ್ರೋಕ್ ಆದಮೇಲೆ ಅಪ್ಪನ ಕೈ ಸುಧಾರಿಸಿತು, ಮಾತೂ ಮರಳಿತು. ಆದರೆ ಹೋದ ತಿಂಗಳು ಎದೆಯಲ್ಲಿ ಸೋಂಕಾಗಿ ಐಸಿಯುಗೆ ಹಾಕಿದ್ದರು. ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು, ಇನ್ನೊಂದು ಸಲ ಹೀಗಾದರೆ ಉಳಿಸೋದು ಕಷ್ಟ ಎಂದು ಡಾಕ್ಟರು ಹಾಸನಕ್ಕೆ ಪರೀಕ್ಷೆಗೆ ಕಳಿಸಿದರು. ಅಪ್ಪನ ಚಿಂತೆಯೇ ಬೇರೆ. ನುಂಗುವುದು ಸರಿಯಿದೆ ಎಂದರೆ ಸೋಮವಾರದಿಂದ ಮತ್ತೆ ದೇವಸ್ಥಾನದ ಅರ್ಚಕರಾಗಿ ಪೂಜೆಗೆ ಹೋಗಬಹುದು. ಇಲ್ಲವಾದರೆ ಕುಡಿಯುವ ನೀರಿಗೂ ಪುಡಿ ಕಲಸಿ ಗಂಜಿಯ ಹಾಗೆ ಮಾಡಿಕೊಡುತ್ತಾರಂತೆ.

ಹೊಳೆನರಸೀಪುರದಿಂದ ಹಾಸನದವರೆಗೂ ಬಸ್ಸಿನಲ್ಲಿ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ.

"ಏನೇ ಹಂಸ, ಪರೀಕ್ಷೆ ನಿಂಗೋ ನಂಗೋ?" ಅಂದರು ಅಪ್ಪ.

"ಅವಳಿಗಾಗಿದ್ರೆ ಫೇಲೇ ಬಿಡಿ. ಬಾಯಿ ಬಿಟ್ರೆ ತಾನೇ!" ಅಂದಳು ಅಮ್ಮ.

ಆಸ್ಪತ್ರೆಯಲ್ಲಿ ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಮೇಘಶ್ರೀ ನನಗಿಂತ ಸ್ವಲ್ಪ ದೊಡ್ಡವರಿರಬೇಕು. "ಸೂಜಿ ಇಲ್ಲ, ಟ್ಯೂಬಿಲ್ಲ ಸರ್. ನೀವು ನುಂಗಿ, ನಾನು ಕೇಳಿಸ್ಕೋತೀನಿ" ಎಂದು ಅಪ್ಪನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಸ್ಟೆತಾಸ್ಕೋಪನ್ನು ಗಂಟಲ ಪಕ್ಕ ಇಟ್ಟರು. ಮೊದಲು ಚಮಚದಲ್ಲಿ ನೀರು, ಆಮೇಲೆ ಪೇಪರ್ ಲೋಟ.

ಅಪ್ಪ ಲೋಟವನ್ನು ನೋಡಿ ಮುಖ ಕಿವಿಚಿದರು. ಅಮ್ಮ ಬಗ್ಗಿ ಪಿಸುಗುಟ್ಟಿದಳು. "ಬಿಸಾಡೋ ಲೋಟ ಕಣ್ರೀ. ಇವತ್ತೊಂದಿನ ಕಚ್ಚಿ ಕುಡೀರಿ. ಎಂಜಲಾದ್ರೆ ಆಗ್ಲಿ."

ಅಪ್ಪ ತಲೆ ತಗ್ಗಿಸಿ, ತುಟಿಯಿಟ್ಟು, ಗುಟುಕು ಗುಟುಕಾಗಿ ಕುಡಿದರು. ಕೆಮ್ಮು ಬರಲಿಲ್ಲ.

"ಎಲ್ಲಿ, ಆ... ಅನ್ನಿ ಸರ್."

ಮಂತ್ರ ಹೇಳುವ ದನಿಯಲ್ಲೇ ಅಪ್ಪ "ಆ" ಎಂದರು. ಗಂಟಲಲ್ಲಿ ಒಂಚೂರೂ ಗೊರಗೊರ ಇಲ್ಲ.

"ತುಂಬ ಚೆನ್ನಾಗಿದೆ. ಮನೇಲಿ ಕೆಮ್ಮು ಬರುತ್ತಾ?"

"ಎಲ್ಲೋ ಅಪರೂಪಕ್ಕೆ ನೆತ್ತಿಗೆ ಹತ್ತುತ್ತೆ" ಅಂದಳು ಅಮ್ಮ. "ಯಾರೋ ನೆನೆಸ್ಕೊಂಡಿರ್ತಾರೆ. ಅರ್ಚಕರು ನೋಡಿ, ನೆನೆಸ್ಕೊಳ್ಳೋರು ಜಾಸ್ತಿ."

ಮೂವರೂ ನಕ್ಕರು. ಮನೆಯಲ್ಲಿ ಅಪ್ಪ ಚೊಂಬಿಗೆ ತುಟಿ ತಾಗಿಸುವುದೇ ಇಲ್ಲ. ಕತ್ತು ಹಿಂದಕ್ಕೆ ಚಾಚಿ, ಮೇಲಿಂದ ಒಂದೇ ಸಮ ಸುರಿದುಕೊಳ್ಳುತ್ತಾರೆ. ಆಮೇಲೆ ಕಣ್ಣು ಕೆಂಪಾಗುವಷ್ಟು ಕೆಮ್ಮು. ಅಮ್ಮ ಓಡಿಬಂದು ನೆತ್ತಿ ತಟ್ಟುತ್ತಾಳೆ.

ಮೇಘಶ್ರೀ ರಿಪೋರ್ಟ್ ಬರೆಯತೊಡಗಿದರು. ಅಪ್ಪ ಆಗಲೇ ಎದ್ದು ಶಾಲು ಹೊದ್ದಿದ್ದರು. "ಹಾಗಾದ್ರೆ ಸೋಮವಾರ ಅಭಿಷೇಕ ನಂದೇ!" ಎಂಥ ಖುಷಿ ಆ ಮುಖದಲ್ಲಿ! ಅಮ್ಮ ನನ್ನ ಮೊಣಕೈ ಹಿಡಿದು "ನಡಿಯೇ" ಅಂದಳು. ನನಗೆ ಏಳಲಾಗಲಿಲ್ಲ.

"ಮೇಡಂ" ಅಂದೆ. ದನಿ ಒಡೆದು ಹೊರಬಂತು. "ಅಪ್ಪ ಮನೇಲಿ ಹೀಗೆ ಕುಡಿಯಲ್ಲ. ತಲೆ ಎತ್ತಿ ಸುರ್ಕೋತಾರೆ. ದಿನಾ ಕೆಮ್ತಾರೆ."